ಇಲಿಯ ಕಾಲು ಅಲುಗಿದ್ದು ಮಿದುಳಿನಿಂದಲೋ, ಕಿವಿಯಿಂದಲೋ? ಅಲ್ಟ್ರಾಸೌಂಡ್ ಮತ್ತು ಮಿದುಳಿನ ನೂರು ವರ್ಷದ ಕಥೆ



ಈ ವಾರದ ಎಪಿಸೋಡ್ ಶುರುವಾಗಿದ್ದು ಒಂದು ಚೆಕ್ಕಿನಿಂದ. ನಮ್ಮ ದೊಡ್ಡಪ್ಪ ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದವರು. ಅವರ ಅಕ್ಷರ ಅಂದ್ರೆ ಮುತ್ತು ಪೋಣಿಸಿದ ಹಾಗೆ. ನಾನು ಬಿ.ಕಾಂ. ಸೇರಿದ್ದಕ್ಕೂ ಅವರೇ ಕಾರಣ. ಹೋದ ವರ್ಷ ಅವರು ಕೊಟ್ಟ ಚೆಕ್ ಬ್ಯಾಂಕಿನಿಂದ ವಾಪಸ್ ಬಂತು. ಖಾತೆಯಲ್ಲಿ ದುಡ್ಡಿತ್ತು. ಸಹಿ ಹೊಂದುತ್ತಿರಲಿಲ್ಲ.

ದೊಡ್ಡಪ್ಪನ ಬಲಗೈ ನಡುಗುತ್ತೆ. ಸುಮ್ಮನೆ ತೊಡೆ ಮೇಲಿಟ್ಟುಕೊಂಡರೆ ಏನೂ ಇಲ್ಲ. ಪೆನ್ನು ಹಿಡಿದ ತಕ್ಷಣ, ಕಾಫಿ ಲೋಟ ಎತ್ತಿದ ತಕ್ಷಣ ಶುರು. ಡಾಕ್ಟರು ಇದಕ್ಕೆ 'ಎಸೆನ್ಷಿಯಲ್ ಟ್ರೆಮರ್' ಅಂದಿದ್ದಾರೆ. ಪ್ರಾಣಕ್ಕೆ ಅಪಾಯ ಇಲ್ಲ. ಆದರೆ ಜೀವನವಿಡೀ ಕೈಬರಹದಿಂದಲೇ ಮರ್ಯಾದೆ ಸಂಪಾದಿಸಿದ ಮನುಷ್ಯನಿಗೆ ಸ್ವಂತ ಸಹಿ ಹಾಕೋಕೆ ಆಗ್ತಿಲ್ಲ ಅಂದ್ರೆ ಹೇಗಿರುತ್ತೆ, ಯೋಚನೆ ಮಾಡಿ.

ಚೆಕ್ ವಾಪಸ್ ಬಂದ ಮೇಲೆ ಅವರು ನನಗೊಂದು ವಾಟ್ಸ್‌ಆ್ಯಪ್ ಫಾರ್ವರ್ಡ್ ಕಳಿಸಿದರು. ತಲೆಗೆ ಹಾಕಿಕೊಳ್ಳೋ ಹೆಲ್ಮೆಟ್ ಥರದ ಒಂದು ಸಾಧನ. 'ಅಲ್ಟ್ರಾಸೌಂಡ್‌ನಿಂದ ಮಿದುಳು ಚುರುಕು, 15 ದಿನದಲ್ಲಿ ನಡುಕ ಮಾಯ' ಅಂತ ಬರೆದಿತ್ತು. ಬೆಲೆ 85,000 ರೂಪಾಯಿ. ಹಿಂದೆಯೇ ಫೋನು ಬಂತು.

"ಇದೆಂತದು ನೋಡು ಮಾರಾಯ. ಒಂದು ಎಫ್‌ಡಿ ಮುರಿಸಿದ್ರೆ ಆಗ್ತದೆ. ಭುಜ ಹಿಡ್ಕೊಂಡಾಗ ಫಿಸಿಯೋಥೆರಪಿಯವರು ಜೆಲ್ ಹಚ್ಚಿ ಇದನ್ನೇ ಅಲ್ವಾ ಕೊಟ್ಟಿದ್ದು? ಭುಜಕ್ಕೆ ಆಗೋದು ತಲೆಗ್ಯಾಕೆ ಆಗಬಾರದು?"

ಪ್ರಶ್ನೆ ನ್ಯಾಯವಾದದ್ದೇ. ನಂಗೆ ಉತ್ತರ ಗೊತ್ತಿರಲಿಲ್ಲ. ಹುಡುಕಿಕೊಂಡು ಹೋದೆ, ನೂರು ವರ್ಷ ಹಿಂದಕ್ಕೆ ಹೋಗಿ ನಿಂತೆ. ಇವತ್ತು ಆ ಕಥೆ.

ಮೊದಲು ಅಲ್ಟ್ರಾಸೌಂಡ್ ಅಂದ್ರೇನು ಅಂತ ಎರಡು ಮಾತು. ಗಾಳಿಯಲ್ಲೋ ನೀರಲ್ಲೋ ಸಾಗುವ ಕಂಪನವೇ ಸದ್ದು. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನದವರೆಗೆ ಕೇಳಿಸುತ್ತೆ. ಅದಕ್ಕಿಂತ ಮೇಲಿನದು ಅಲ್ಟ್ರಾಸೌಂಡ್. ಬಾವಲಿಗೆ ಕೇಳಿಸುತ್ತೆ, ನಮಗೆ ಇಲ್ಲ. ಫಿಸಿಯೋಥೆರಪಿ ಮಷಿನ್ನು ಸಾಮಾನ್ಯವಾಗಿ ಸೆಕೆಂಡಿಗೆ 10 ಲಕ್ಷ ಅಥವಾ 30 ಲಕ್ಷ ಸಲ ಕಂಪಿಸುತ್ತೆ.

'ಕಿವಿಗೆ ಕೇಳಿಸಲ್ಲ' ಅನ್ನೋ ಈ ಮಾತನ್ನ ನೆನಪಿಟ್ಟುಕೊಳ್ಳಿ. ಕಥೆ ಕೊನೆಗೆ ಇಲ್ಲಿಗೇ ವಾಪಸ್ ಬರುತ್ತೆ.

ಈ ಕಂಪನ ಹುಟ್ಟಿಸೋದು ಹೇಗೆ? ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರ್ ನೋಡಿ. 'ಟಕ್' ಅಂತ ಒತ್ತಿದರೆ ಕಿಡಿ ಬರುತ್ತಲ್ಲ, ಅದರೊಳಗೆ ಬ್ಯಾಟರಿ ಇಲ್ಲ. ಕೆಲವು ಹರಳುಗಳನ್ನ ಒತ್ತಿದರೆ ವಿದ್ಯುತ್ ಹುಟ್ಟುತ್ತೆ. ಇದನ್ನ 1880ರಲ್ಲಿ ಫ್ರಾನ್ಸಿನ ಜಾಕ್ ಕ್ಯೂರಿ ಮತ್ತು ಪಿಯೆರ್ ಕ್ಯೂರಿ ಅನ್ನೋ ಅಣ್ಣತಮ್ಮಂದಿರು ತೋರಿಸಿದರು. ಉಲ್ಟಾ ಮಾಡಿದರೂ ಆಗುತ್ತೆ. ಹರಳಿಗೆ ವಿದ್ಯುತ್ ಕೊಟ್ಟರೆ ಅದು ಕಂಪಿಸುತ್ತೆ. ಅಲ್ಟ್ರಾಸೌಂಡ್ ಮಷಿನ್ನಿನ ಹೃದಯ ಇಷ್ಟೇ.

ಮೊದಲ ಮಹಾಯುದ್ಧ ಬಂತು. ಜರ್ಮನ್ ಸಬ್‌ಮರೀನ್‌ಗಳು ಹಡಗುಗಳನ್ನ ಮುಳುಗಿಸುತ್ತಿದ್ದವು. ಪಾಲ್ ಲಾಂಜ್ವೆ ಅನ್ನೋ ಫ್ರೆಂಚ್ ಭೌತವಿಜ್ಞಾನಿ ನೀರಿನೊಳಗೆ ಅಲ್ಟ್ರಾಸೌಂಡ್ ಬಿಟ್ಟು ಸಬ್‌ಮರೀನ್ ಪತ್ತೆ ಮಾಡೋ ಸಾಧನ ಕಟ್ಟುತ್ತಿದ್ದರು. ಟೂಲೋನ್ ಬಂದರಿನಲ್ಲಿ ಪರೀಕ್ಷೆ ನಡೀತಿದ್ದಾಗ ಯಾರೂ ನಿರೀಕ್ಷಿಸದ ಎರಡು ಸಂಗತಿ ಕಂಡವು. ಆ ಕಿರಣದ ದಾರಿಗೆ ಬಂದ ಸಣ್ಣ ಮೀನುಗಳು ಸಾಯುತ್ತಿದ್ದವು. ನೀರೊಳಗೆ ಕೈ ಇಟ್ಟವರಿಗೆ ವಿಪರೀತ ನೋವಾಗುತ್ತಿತ್ತು. ಅಂದ್ರೆ ಈ ಕೇಳಿಸದ ಸದ್ದು ಜೀವ ಇರೋ ಮೈಗೆ ಏನೋ ಮಾಡುತ್ತೆ!

ಟೂಲೋನ್‌ನಲ್ಲಿ ಇದನ್ನ ಕಣ್ಣಾರೆ ನೋಡಿದ ಅಮೆರಿಕದ ವಿಜ್ಞಾನಿ ರಾಬರ್ಟ್ ವುಡ್. ಊರಿಗೆ ವಾಪಸ್ ಹೋದ ಮೇಲೆ ಅವರಿಗೊಬ್ಬ ಜೊತೆಗಾರ ಸಿಕ್ಕಿದರು, ಆಲ್ಫ್ರೆಡ್ ಲೂಮಿಸ್. ನಮ್ಮ ಕಾಮರ್ಸ್ ಮಂದಿಗೆ ಇವರ ಹೆಸರು ಖುಷಿ ಕೊಡಬೇಕು, ಯಾಕಂದ್ರೆ ಲೂಮಿಸ್ ವಾಲ್‌ಸ್ಟ್ರೀಟ್‌ನ ಬ್ಯಾಂಕರ್. ಹಗಲು ಬಾಂಡ್ ವ್ಯವಹಾರ, ಉಳಿದ ಹೊತ್ತು ವಿಜ್ಞಾನ. ನ್ಯೂಯಾರ್ಕ್ ಹತ್ತಿರ ಟಕ್ಸೀಡೋ ಪಾರ್ಕ್‌ನಲ್ಲಿ ಸ್ವಂತ ದುಡ್ಡಲ್ಲಿ ಒಂದು ಪ್ರಯೋಗಶಾಲೆ ಕಟ್ಟಿಸಿದ್ದರು. ಇಬ್ಬರೂ ಎಣ್ಣೆಯ ತೊಟ್ಟಿಯಲ್ಲಿ ಹರಳು ಇಟ್ಟು ಜೋರು ವಿದ್ಯುತ್ ಕೊಟ್ಟರು. ಎಣ್ಣೆ ಗುಡ್ಡದ ಹಾಗೆ ಮೇಲೆದ್ದಿತು. ಅದರೊಳಗೆ ಅದ್ದಿದ ಗಾಜಿನ ಕಡ್ಡಿ ಹಿಡಿದರೆ ಬೆರಳು ಸುಡುತ್ತಿತ್ತು. ಕಪ್ಪೆ, ಮೀನು ಸತ್ತವು. 1927ರಲ್ಲಿ ಇದನ್ನೆಲ್ಲ ಪ್ರಕಟಿಸಿದರು.

ಎರಡೇ ವರ್ಷಕ್ಕೆ, 1929ರಲ್ಲಿ, ಪ್ರಿನ್ಸ್‌ಟನ್‌ನ ಜೀವವಿಜ್ಞಾನಿ ನ್ಯೂಟನ್ ಹಾರ್ವೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕಪ್ಪೆ ಮತ್ತು ಆಮೆಯ ಸ್ನಾಯುಗಳಿಗೆ ಅಲ್ಟ್ರಾಸೌಂಡ್ ಕೊಟ್ಟು ನೋಡಿದರು. ಸ್ನಾಯು ಪ್ರತಿಕ್ರಿಯೆ ಕೊಟ್ಟಿತು. ಕೊಲ್ಲೋದು, ಸುಡೋದು ಬಿಟ್ಟು, ಕೆರಳಿಸೋದಕ್ಕೂ ಈ ಸದ್ದು ಬರುತ್ತೆ ಅಂತ ಸುಳಿವು ಸಿಕ್ಕಿದ್ದು ಇಲ್ಲಿ.

ಇಲ್ಲಿಂದ ಕಥೆ ಎರಡು ದಾರಿ ಹಿಡಿಯುತ್ತೆ. ಒಂದು ಸುಡುವ ದಾರಿ. ಜೋರಾದ ಅಲ್ಟ್ರಾಸೌಂಡನ್ನ ಭೂತಗನ್ನಡಿಯಲ್ಲಿ ಬಿಸಿಲು ಸೇರಿಸಿದ ಹಾಗೆ ಒಂದು ಬಿಂದುವಿಗೆ ಸೇರಿಸಿ, ಅಲ್ಲಿರೋದನ್ನ ಸುಟ್ಟು ಹಾಕೋದು. ಇನ್ನೊಂದು ಕೆರಳಿಸುವ ದಾರಿ. ಮೆಲ್ಲಗೆ ತಟ್ಟಿ ನರಕೋಶವನ್ನ ಎಬ್ಬಿಸೋದು, ಇಲ್ಲಾ ಸುಮ್ಮನಾಗಿಸೋದು. ದೊಡ್ಡಪ್ಪನಿಗೆ ಬಂದ ಜಾಹೀರಾತಿನಲ್ಲಿ ಈ ಎರಡು ದಾರಿಯನ್ನೂ ಕಲಸಿ ಒಂದು ಮಾಡಿದ್ದರು.

ಎರಡಕ್ಕೂ ಅಡ್ಡ ನಿಂತಿದ್ದು ಒಂದೇ. ತಲೆಬುರುಡೆ. ಮೂಳೆ ಅಲ್ಟ್ರಾಸೌಂಡನ್ನ ಹೀರಿಕೊಳ್ಳುತ್ತೆ, ಚದುರಿಸುತ್ತೆ, ಬಿಸಿ ಆಗುತ್ತೆ. ಬುರುಡೆಯ ದಪ್ಪವೂ ಒಂದೊಂದು ಕಡೆ ಒಂದೊಂದು ಥರ.

ಇದರಿಂದ ಮೊದಲು ಏಟು ತಿಂದವರು ಆಸ್ಟ್ರಿಯಾದ ನರವೈದ್ಯ ಕಾರ್ಲ್ ಡುಸ್ಸಿಕ್. ಅವರಿಗೆ ಚಿಕಿತ್ಸೆ ಬೇಕಿರಲಿಲ್ಲ, ಮಿದುಳಿನ ಒಳಗಿನ ಚಿತ್ರ ಬೇಕಿತ್ತು. ಸಿ.ಟಿ. ಸ್ಕ್ಯಾನ್ ಎಂ.ಆರ್.ಐ. ಏನೂ ಇಲ್ಲದ ಕಾಲ. ತಲೆಯ ಒಂದು ಕಡೆಯಿಂದ ಅಲ್ಟ್ರಾಸೌಂಡ್ ಬಿಟ್ಟು ಇನ್ನೊಂದು ಕಡೆ ಹಿಡಿದರೆ ಮಿದುಳೊಳಗಿನ ದ್ರವದ ಕೋಣೆಗಳು ಕಾಣಬಹುದು ಅಂತ ಯೋಚನೆ. 1942ರಲ್ಲಿ ಮೊದಲ ಲೇಖನ ಬಂತು. ಭೌತವಿಜ್ಞಾನಿ ತಮ್ಮ ಫ್ರೆಡ್ರಿಕ್ ಜೊತೆ ಸೇರಿ 1947ರಲ್ಲಿ ಚಿತ್ರಗಳನ್ನೂ ಪ್ರಕಟಿಸಿದರು. ನಿರೀಕ್ಷೆ ಮಾಡಿದ ಜಾಗದಲ್ಲೇ ನಿರೀಕ್ಷೆ ಮಾಡಿದಂಥ ಆಕಾರ.

1950ರ ದಶಕದ ಶುರುವಲ್ಲಿ ಜರ್ಮನಿಯಲ್ಲೂ ಅಮೆರಿಕದ ಎಂಐಟಿಯಲ್ಲೂ ಬೇರೆಯವರು ಅದನ್ನ ಮತ್ತೆ ಪರೀಕ್ಷೆ ಮಾಡಿದರು. ಬುರುಡೆಯನ್ನ ನೀರಿನ ತೊಟ್ಟಿಯಲ್ಲಿಟ್ಟು ನೋಡಿದಾಗ ಗುಟ್ಟು ಬಯಲಾಯಿತು. ಮೂಳೆಯ ದಪ್ಪ ಹೆಚ್ಚು ಕಡಿಮೆ ಆಗೋದರಿಂದಲೇ ಅಂಥ ಆಕಾರ ಬರುತ್ತಿತ್ತು. ಡುಸ್ಸಿಕ್ ಮಿದುಳು ಅಂದುಕೊಂಡು ನೋಡಿದ್ದರಲ್ಲಿ ಬಹುಪಾಲು ಬುರುಡೆಯದ್ದೇ ನೆರಳು.

ಇದನ್ನ ಓದಿದಾಗ ನಂಗೆ ದೊಡ್ಡಪ್ಪನ ಒಂದು ಪಾಠ ನೆನಪಾಯಿತು. ಬಿ.ಕಾಂ. ಮೊದಲ ವರ್ಷ, ನನ್ನ ಟ್ರಯಲ್ ಬ್ಯಾಲೆನ್ಸ್ ಮೊದಲ ಸಲಕ್ಕೇ ತಾಳೆ ಆಗಿತ್ತು. ಕುಣಿದಾಡಿಕೊಂಡು ಹೋಗಿ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ತಾಳೆ ಆಗಿದೆ. ಆದ್ರೆ ರಾಮಪ್ಪನ ಖಾತೆಗೆ ಹೋಗಬೇಕಾದ್ದು ಭೀಮಪ್ಪನ ಖಾತೆಗೆ ಹೋಗಿದೆ ನೋಡು" ಅಂದರು. ಕಾಮರ್ಸ್ ಓದಿದವರಿಗೆ ಗೊತ್ತು, ದುಡ್ಡು ತಪ್ಪು ಖಾತೆಗೆ ಬಿದ್ದರೂ ಒಟ್ಟು ಮೊತ್ತ ಸರಿಯಾಗೇ ಬರುತ್ತೆ. ಕಿರ್ದಿಯವರೆಗೆ ಹಿಂದೆ ಹೋಗಿ ಒಂದೊಂದೇ ನಮೂದು ನೋಡಿದರೆ ಮಾತ್ರ ಸಿಗೋ ತಪ್ಪು ಅದು. ಡುಸ್ಸಿಕ್‌ಗೆ ಆಗಿದ್ದು ಇದೇ. ಬುರುಡೆಯ ಲೆಕ್ಕ ಮಿದುಳಿನ ಖಾತೆಗೆ ಬಿದ್ದಿತ್ತು.

ಸರಿ, ಮುಂದೆ ಹೋಗೋಣ. 1946. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಫ್ರೈ ಅನ್ನೋ ಯುವಕ ಅಲ್ಟ್ರಾಸೌಂಡ್ ಮತ್ತು ಜೀವಕೋಶಗಳ ಬಗ್ಗೆ ಪ್ರಯೋಗಶಾಲೆ ಶುರು ಮಾಡುತ್ತಾರೆ. ಆಗ ಅವರಿಗೆ 28 ವರ್ಷ, ಈಗ ನನಗಿರೋ ವಯಸ್ಸು. ಯುದ್ಧದ ಸಮಯದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಶಾಲೆಯಲ್ಲಿ ನೀರೊಳಗಿನ ಸದ್ದಿನ ಸಾಧನಗಳ ಮೇಲೆ ಕೆಲಸ ಮಾಡಿದ್ದರು. ತಮ್ಮ ಫ್ರಾನ್ಸಿಸ್ ಕೂಡ ಜೊತೆಗೆ ಸೇರಿದರು.

ಫ್ರೈ ಸೋದರರ ಉಪಾಯ ಹೀಗಿತ್ತು. ಹಲವು ಕಡೆಯಿಂದ ಅಲ್ಟ್ರಾಸೌಂಡ್ ಕಿರಣ ಬಿಟ್ಟು ಮಿದುಳಿನ ಆಳದ ಒಂದೇ ಬಿಂದುವಲ್ಲಿ ಸೇರಿಸೋದು. ದಾರಿಯಲ್ಲಿ ಒಂದೊಂದೂ ದುರ್ಬಲ, ಸೇರಿದ ಜಾಗದಲ್ಲಿ ಮಾತ್ರ ಬಲ. ಬುರುಡೆಯ ತೊಂದರೆ ತಪ್ಪಿಸೋಕೆ ಅವರು ಮೂಳೆಯ ಒಂದು ಭಾಗವನ್ನೇ ತೆಗೆದುಬಿಡುತ್ತಿದ್ದರು. 1950ರ ದಶಕದ ಕೊನೆಗೆ ಐಯೋವಾದ ಶಸ್ತ್ರವೈದ್ಯ ರಸೆಲ್ ಮೈಯರ್ಸ್ ಜೊತೆ ಸೇರಿ ಪಾರ್ಕಿನ್ಸನ್ ರೋಗಿಗಳಿಗೆ ಈ ಸುಡುವ ಚಿಕಿತ್ಸೆ ಕೊಟ್ಟರು.

ಆದರೆ ಇವತ್ತಿನ ನಮ್ಮ ಕಥೆಗೆ ಮುಖ್ಯವಾದದ್ದು ಇನ್ನೊಂದು ಪ್ರಯೋಗ, 1958ರದ್ದು. ಬೆಕ್ಕಿನ ಕಣ್ಣಿಗೆ ಬೆಳಕು ಬಿಟ್ಟರೆ ಮಿದುಳಿನ ದೃಷ್ಟಿಭಾಗದಲ್ಲಿ ಒಂದು ವಿದ್ಯುತ್ ಅಲೆ ಏಳುತ್ತೆ. ಕಣ್ಣಿನ ಸುದ್ದಿ ಮಿದುಳಿಗೆ ಹೋಗೋ ದಾರಿಯಲ್ಲಿ ಒಂದು ಜಂಕ್ಷನ್ ಇದೆ. ಅಲ್ಲಿಗೆ ಅಲ್ಟ್ರಾಸೌಂಡ್ ಕೊಟ್ಟರು. ಅಲೆ ಕುಗ್ಗಿತು. ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಮೊದಲಿನಂತಾಯಿತು. ಏನೂ ಸುಡದೆ, ಮಿದುಳಿನ ಒಂದು ಸ್ವಿಚ್ಚನ್ನ ಸ್ವಲ್ಪ ಹೊತ್ತು ಆಫ್ ಮಾಡಿ ಮತ್ತೆ ಆನ್ ಆಗೋಕೆ ಬಿಟ್ಟ ಹಾಗೆ. ಕೆರಳಿಸುವ ಮತ್ತು ತಣಿಸುವ ದಾರಿಗೆ ಇದು ಮೈಲಿಗಲ್ಲು.

ಆಮೇಲೆ? ಆಮೇಲೆ ಹೆಚ್ಚೇನೂ ನಡೀಲಿಲ್ಲ. ವಿಲಿಯಂ ಫ್ರೈ 1968ರಲ್ಲಿ, 50ನೇ ವಯಸ್ಸಿಗೇ ತೀರಿಕೊಂಡರು. ಅದೇ ಹೊತ್ತಿಗೆ ಪಾರ್ಕಿನ್ಸನ್‌ಗೆ ಲೆವೊಡೋಪ ಮಾತ್ರೆ ಬಂತು. ಮಾತ್ರೆ ಇರುವಾಗ ಮೂಳೆ ಕೊರೆಸಿಕೊಳ್ಳೋರು ಯಾರು? ಸೋವಿಯತ್ ರಷ್ಯಾದಲ್ಲಿ ಲಿಯೊನಿದ್ ಗವ್ರಿಲೊವ್ ಮತ್ತು ಜೊತೆಗಾರರು 1970ರ ದಶಕದಲ್ಲಿ ಮನುಷ್ಯರ ಕೈಗೆ ಅಲ್ಟ್ರಾಸೌಂಡ್ ಬಿಂದು ಬಿಟ್ಟು ಸ್ಪರ್ಶ, ಬಿಸಿ, ನೋವು ಹುಟ್ಟಿಸಬಹುದು ಅಂತ ತೋರಿಸಿದರು. ಆದರೆ ಮಿದುಳಿನ ವಿಷಯದಲ್ಲಿ ಈ ಕ್ಷೇತ್ರ ದಶಕಗಳ ಕಾಲ ಮಂಕಾಗೇ ಇತ್ತು.

ಮತ್ತೆ ಜೀವ ಬಂದಿದ್ದು ಕಂಪ್ಯೂಟರ್ ಮತ್ತು ಎಂ.ಆರ್.ಐ.ಯಿಂದ. ಒಂದೇ ಹರಳಿನ ಬದಲು ನೂರಾರು ಪುಟ್ಟ ಹರಳುಗಳ ಟೋಪಿ ಮಾಡಿದರೆ? ಆ ರೋಗಿಯ ಬುರುಡೆ ಎಲ್ಲೆಲ್ಲಿ ಎಷ್ಟು ದಪ್ಪ ಅಂತ ಸ್ಕ್ಯಾನ್‌ನಿಂದ ಅಳೆದು, ಒಂದೊಂದು ಹರಳಿನ ಕಂಪನವನ್ನೂ ಒಂಚೂರು ಹಿಂದೆಮುಂದೆ ಮಾಡಿದರೆ? ಮೂಳೆ ದಾಟಿದ ಮೇಲೂ ಎಲ್ಲ ಅಲೆಗಳು ಒಂದೇ ಬಿಂದುವಿಗೆ ಸೇರುತ್ತವೆ. ಈಗಿನ ಚಿಕಿತ್ಸಾ ಟೋಪಿಯಲ್ಲಿ 1,024 ಹರಳುಗಳಿವೆ. ಒಳಗೆ ಎಷ್ಟು ಬಿಸಿಯಾಗ್ತಿದೆ ಅಂತ ಎಂ.ಆರ್.ಐ. ಆ ಕ್ಷಣವೇ ತೋರಿಸುತ್ತೆ. ಡುಸ್ಸಿಕ್‌ಗೆ ಮೋಸ ಮಾಡಿದ ಬುರುಡೆಯನ್ನ ಈಗ ಲೆಕ್ಕಕ್ಕೆ ತಗೊಂಡೇ ಕೆಲಸ ಶುರು ಮಾಡುತ್ತಾರೆ.

ಈ ಟೋಪಿಯನ್ನ ಯಾವ ಕಾಯಿಲೆಗೆ ಬಳಸಿದರು ಗೊತ್ತಾ? ದೊಡ್ಡಪ್ಪನ ಕಾಯಿಲೆಗೇ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಜೆಫ್ ಎಲಿಯಾಸ್ ಮತ್ತು ತಂಡ 76 ಎಸೆನ್ಷಿಯಲ್ ಟ್ರೆಮರ್ ರೋಗಿಗಳ ಅಧ್ಯಯನ ಪ್ರಕಟಿಸಿತು. 56 ಜನಕ್ಕೆ ನಿಜವಾದ ಚಿಕಿತ್ಸೆ, ಮಿದುಳಿನ ಆಳದ ಥಲಾಮಸ್‌ನಲ್ಲಿ ಒಂದು ಚಿಕ್ಕ ಬಿಂದು ಸುಡೋದು. 20 ಜನಕ್ಕೆ ಸುಳ್ಳು ಚಿಕಿತ್ಸೆ. ಟೋಪಿ, ಮಷಿನ್ನು ಎಲ್ಲ ಹಾಗೇ, ಶಕ್ತಿ ಮಾತ್ರ ಇಲ್ಲ. ಮೂರು ತಿಂಗಳ ನಂತರ ನಿಜ ಚಿಕಿತ್ಸೆ ಪಡೆದವರ ಕೈ ನಡುಕ ಸರಾಸರಿ 47 ಪರ್ಸೆಂಟ್ ಕಡಿಮೆಯಾಗಿತ್ತು. ಸುಳ್ಳು ಚಿಕಿತ್ಸೆಯವರಲ್ಲಿ ಬದಲಾವಣೆ ಇಲ್ಲವೇ ಇಲ್ಲ ಅನ್ನಬಹುದು. ಅದೇ ವರ್ಷ ಅಮೆರಿಕ ಸರ್ಕಾರದ ಅನುಮತಿಯೂ ಸಿಕ್ಕಿತು.

ಆದರೆ ಪುಕ್ಕಟೆ ಏನೂ ಸಿಗಲ್ಲ. 36 ಪರ್ಸೆಂಟ್ ಜನಕ್ಕೆ ನಡಿಗೆ ತಪ್ಪಿತು, 38 ಪರ್ಸೆಂಟ್ ಜನಕ್ಕೆ ಜೋಮು ಬಂತು. ಬಹಳ ಜನಕ್ಕೆ ಸರಿಹೋಯಿತು, ಕೆಲವರಿಗೆ ವರ್ಷವಾದರೂ ಉಳಿಯಿತು. ಸುಟ್ಟಿದ್ದು ಸುಟ್ಟಿದ್ದೇ, ವಾಪಸ್ ಬರಲ್ಲ.

ಅದಕ್ಕೇ ಆ ಇನ್ನೊಂದು ದಾರಿಯ ಮೇಲೆ ಅಷ್ಟೊಂದು ಆಸೆ. ಸುಡೋದೇ ಬೇಡ, ಮೂಳೆ ಕೊರೆಯೋದೂ ಬೇಡ, ಹೊರಗಿನಿಂದ ಮೆಲ್ಲಗೆ ತಟ್ಟಿದರೆ ಸಾಕು ಅಂತಾದರೆ?

ಈ ದಾರಿಯಲ್ಲಿ ಹೊಸ ಅಲೆ ಎದ್ದಿದ್ದು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ವಿಲಿಯಂ ಟೈಲರ್ ಅವರ ತಂಡ 2008ರಲ್ಲಿ, ಇಲಿಯ ಮಿದುಳಿನ ತೆಳು ಚೂರುಗಳನ್ನ ತಟ್ಟೆಯಲ್ಲಿಟ್ಟು, ಕಡಿಮೆ ಶಕ್ತಿಯ ಅಲ್ಟ್ರಾಸೌಂಡ್‌ನಿಂದ ನರಕೋಶಗಳನ್ನ ಎಬ್ಬಿಸಬಹುದು ಅಂತ ತೋರಿಸಿತು. 2010ರಲ್ಲಿ ಜೀವಂತ ಇಲಿಯ ಮೇಲೆ ಪ್ರಯೋಗ. ಆ ಲೇಖನದ ಮೊದಲ ಹೆಸರು ಯೂಸುಫ್ ತುಫೈಲ್, ಆಗಿನ್ನೂ ಪಿಎಚ್.ಡಿ. ವಿದ್ಯಾರ್ಥಿ. ಇಲಿಯ ತಲೆಯ ಮೇಲೆ, ಚಲನೆಯ ಭಾಗಕ್ಕೆ ಸರಿಯಾಗಿ, ಅಲ್ಟ್ರಾಸೌಂಡ್‌ನ ಪುಟ್ಟ ಪುಟ್ಟ ತುಣುಕುಗಳನ್ನ ಬಿಟ್ಟರು. ಬುರುಡೆ ಹಾಗೇ ಇತ್ತು. ಇಲಿಯ ಕಾಲು ಅಲುಗಿತು, ಬಾಲ ಅಲುಗಿತು.

ಇಷ್ಟು ಸಾಕಾಗಿತ್ತು. ಜಗತ್ತಿನ ಹತ್ತಾರು ಕಡೆ ಹೊಸ ಪ್ರಯೋಗಶಾಲೆಗಳು ಶುರುವಾದವು. ಹೊಸ ಹುಡುಗ ಹುಡುಗಿಯರು ಇದರಲ್ಲೇ ಪಿಎಚ್.ಡಿ.ಗೆ ಸೇರಿಕೊಂಡರು. ವಿಜ್ಞಾನದಲ್ಲಿ ಐದಾರು ವರ್ಷ ಒಂದು ವಿಷಯಕ್ಕೆ ಹಾಕೋದು ಅಂದ್ರೆ ಇಪ್ಪತ್ತರ ಹರೆಯವನ್ನೇ ಅಡ ಇಟ್ಟ ಹಾಗೆ. ವಿಷಯ ಗೆದ್ದರೆ ಕೆಲಸ. ಬಿದ್ದರೆ ಮತ್ತೆ ಸೊನ್ನೆಯಿಂದ.

ಒಂದರ ಹಿಂದೆ ಒಂದು ಸುದ್ದಿ ಬರುತ್ತಲೇ ಇತ್ತು. 2013ರಲ್ಲಿ ಅರಿವಳಿಕೆ ತಜ್ಞ ಸ್ಟುವರ್ಟ್ ಹ್ಯಾಮರಾಫ್ ಮೊದಲು ತಮ್ಮ ತಲೆಗೇ ಸ್ಕ್ಯಾನ್ ಮಷಿನ್ ಹಿಡಿದು ನೋಡಿಕೊಂಡು, ಆಮೇಲೆ ದೀರ್ಘಕಾಲದ ನೋವಿರೋ 31 ಜನರಿಗೆ 15 ಸೆಕೆಂಡ್ ಕೊಟ್ಟರು. ಮನಸ್ಸು ಸ್ವಲ್ಪ ಹಗುರ ಆಯಿತು ಅಂತ ವರದಿ. 2014ರಲ್ಲಿ ವಿನ್ ಲೆಗಾನ್ ಮತ್ತು ಟೈಲರ್ ತಂಡ ಮನುಷ್ಯರ ಮಿದುಳಿನ ಸ್ಪರ್ಶಭಾಗಕ್ಕೆ ಅಲ್ಟ್ರಾಸೌಂಡ್ ಕೊಟ್ಟಿತು. ಹತ್ತಿರ ಹತ್ತಿರ ಚುಚ್ಚಿದ ಎರಡು ಮೊನೆಗಳನ್ನ 'ಇದು ಒಂದಲ್ಲ, ಎರಡು' ಅಂತ ಗುರುತಿಸೋದು ಅವರಿಗೆ ಸುಲಭವಾಯಿತು.

2016ರ ಸುದ್ದಿ ಎಲ್ಲಕ್ಕಿಂತ ದೊಡ್ಡದು. ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ ಮಾರ್ಟಿನ್ ಮೊಂಟಿ ಮತ್ತು ತಂಡ, ಕೋಮಾದಿಂದ ಚೇತರಿಸಿಕೊಳ್ಳುತ್ತಿದ್ದ 25 ವರ್ಷದ ಯುವಕನ ಥಲಾಮಸ್‌ಗೆ ಸಾಸರ್ ಗಾತ್ರದ ಸಾಧನದಿಂದ ಹತ್ತು ನಿಮಿಷದಲ್ಲಿ ಹತ್ತು ಸಲ, ಒಂದೊಂದು ಸಲಕ್ಕೆ 30 ಸೆಕೆಂಡ್ ಅಲ್ಟ್ರಾಸೌಂಡ್ ಕೊಟ್ಟಿತು. ಮೂರು ದಿನದಲ್ಲಿ ಅವನಿಗೆ ಪೂರ್ತಿ ಎಚ್ಚರ ಬಂತು. ತಲೆಯಾಡಿಸಿ ಹೌದು, ಇಲ್ಲ ಅಂದ. ಡಾಕ್ಟರ್ ಜೊತೆ ಮುಷ್ಟಿಗೆ ಮುಷ್ಟಿ ತಾಗಿಸಿದ. ಆದರೆ ಮೊಂಟಿ ಅವರೇ ಎಚ್ಚರಿಸಿದರು. ಅವನು ತಾನಾಗೇ ಚೇತರಿಸಿಕೊಳ್ಳುತ್ತಿದ್ದ ಹೊತ್ತಿಗೆ ನಮ್ಮ ಪ್ರಯೋಗ ಬಿದ್ದಿರಬಹುದು, ಒಬ್ಬ ರೋಗಿಯಿಂದ ತೀರ್ಮಾನ ಮಾಡಬೇಡಿ ಅಂತ. ವಾಟ್ಸ್‌ಆ್ಯಪ್‌ಗೆ ಬರುವಾಗ ಸುದ್ದಿಯ ಮೊದಲ ಅರ್ಧ ಮಾತ್ರ ಬರುತ್ತೆ, ಈ ಎರಡನೇ ಅರ್ಧ ಬರಲ್ಲ.

ಈಗ 2018. ನ್ಯೂರಾನ್ ಅನ್ನೋ ಪತ್ರಿಕೆ, 2010ರ ಇಲಿಯ ಕಾಲಿನ ಲೇಖನ ಬಂದಿತ್ತಲ್ಲ, ಅದೇ ಪತ್ರಿಕೆ. ಅದರಲ್ಲಿ ಎರಡು ಲೇಖನ ಜೊತೆಜೊತೆಗೇ ಬಂದವು. ಒಂದು ಮಿನೆಸೋಟ ವಿಶ್ವವಿದ್ಯಾಲಯದ ಹ್ಯೂಬರ್ಟ್ ಲಿಮ್ ತಂಡದ್ದು, ಗಿನಿಪಿಗ್‌ಗಳ ಮೇಲೆ. ಇನ್ನೊಂದು ಕ್ಯಾಲ್‌ಟೆಕ್‌ನ ಮಿಖಾಯಿಲ್ ಶಪೀರೊ ಮತ್ತು ಡೋರಿಸ್ ತ್ಸಾವ್ ತಂಡಗಳದ್ದು, ಇಲಿಗಳ ಮೇಲೆ.

ಎರಡೂ ತಂಡಕ್ಕೆ ಒಂದೇ ವಿಚಿತ್ರ ಕಂಡಿತ್ತು. ಅಲ್ಟ್ರಾಸೌಂಡನ್ನ ಮಿದುಳಿನ ಯಾವ ಭಾಗಕ್ಕೆ ಗುರಿಯಿಟ್ಟರೂ, ಶ್ರವಣದ ಭಾಗ ಎದ್ದು ಕೂರುತ್ತಿತ್ತು. ದೃಷ್ಟಿಭಾಗಕ್ಕೆ ಕೊಟ್ಟರೂ ಏಳೋದು ಶ್ರವಣದ ಭಾಗ. ಅನುಮಾನ ಬಂತು. ಗಿನಿಪಿಗ್‌ಗಳ ಶ್ರವಣನರ ಕತ್ತರಿಸಿ ನೋಡಿದರು, ಮಿದುಳಿನ ಆ ಪ್ರತಿಕ್ರಿಯೆ ಹೋಯಿತು. ಇಲಿಗಳನ್ನ ಔಷಧಿಯಿಂದ ಕಿವುಡು ಮಾಡಿ ನೋಡಿದರು, ಕಾಲು ಅಲುಗೋದು ಬಹಳ ಕಡಿಮೆ ಆಯಿತು.

ಅಂದ್ರೆ ಏನು? ಇಲಿಗೆ ಸದ್ದು ಕೇಳಿಸುತ್ತಿತ್ತು! ಅಲ್ಟ್ರಾಸೌಂಡ್ ತಾನು ಕೇಳಿಸಲ್ಲ ನಿಜ. ಆದರೆ ಅದನ್ನ ತುಣುಕು ತುಣುಕಾಗಿ ಬಿಡುವಾಗ, ಪ್ರತಿ ಸಲ ಆನ್ ಆದಾಗ, ಆಫ್ ಆದಾಗ, ಬುರುಡೆಗೆ ಒಂದು ಸಣ್ಣ ತಟ್ಟು ಬೀಳುತ್ತೆ. ಆ ತಟ್ಟು ಮೂಳೆಯ ಮೂಲಕ ಒಳಕಿವಿಗೆ ಹೋಗುತ್ತೆ. ಸೆಕೆಂಡಿಗೆ 1,500 ಸಲ ತಟ್ಟಿದರೆ ಅದು ಕಿವಿಗೆ ಚೆನ್ನಾಗಿ ಕೇಳಿಸೋ ಸದ್ದೇ. ಹಿಂದಿನಿಂದ ಯಾರೋ 'ಭೋ' ಅಂದರೆ ನಾವು ಬೆಚ್ಚಿ ಬೀಳಲ್ವಾ? ಇಲಿಯೂ ಹಾಗೇ ಬೆಚ್ಚಿ ಕಾಲು ಅಲುಗಿಸಿರಬಹುದು.

ಈಗ ಆಗಷ್ಟೇ ಪಿಎಚ್.ಡಿ.ಗೆ ಸೇರಿದವರ ಜಾಗದಲ್ಲಿ ನಿಂತು ಯೋಚನೆ ಮಾಡಿ. ಯಾವ ಪ್ರಯೋಗ ನೋಡಿ ಈ ಕ್ಷೇತ್ರಕ್ಕೆ ಬಂದಿರೋ, ಅದು ಮಿದುಳಿನದ್ದಲ್ಲ, ಕಿವಿಯದ್ದು ಅಂತ ಯಾರೋ ಹೇಳಿದ ಹಾಗೆ. ಬುರುಡೆಯ ಲೆಕ್ಕ ಮಿದುಳಿನ ಖಾತೆಗೆ ಬಿದ್ದು ಅರವತ್ತು ಎಪ್ಪತ್ತು ವರ್ಷ ಆದ ಮೇಲೆ, ಈಗ ಕಿವಿಯ ಲೆಕ್ಕ ಮಿದುಳಿನ ಖಾತೆಗೆ ಬಿದ್ದಿತ್ತು.

ನಂಗೆ ಇಷ್ಟವಾಗಿದ್ದು ಆಮೇಲೆ ನಡೆದದ್ದು. ಅಂಗಡಿ ಮುಚ್ಚಿಕೊಂಡು ಹೋಗೋದು ಒಂದು ದಾರಿ, 2018ರ ಲೇಖನ ಬಂದೇ ಇಲ್ಲ ಅನ್ನೋ ಹಾಗೆ ನಡೆದುಕೊಳ್ಳೋದು ಇನ್ನೊಂದು. ಇವರು ಎರಡನ್ನೂ ಮಾಡದೆ ಕಿರ್ದಿ ತೆಗೆದು ಒಂದೊಂದೇ ನಮೂದು ನೋಡೋಕೆ ಕೂತರು.

2019ರಲ್ಲಿ ಸ್ಟ್ಯಾನ್‌ಫರ್ಡ್‌ನ ಕಿಮ್ ಬಟ್ಸ್ ಪೌಲಿ ತಂಡ ಹುಟ್ಟಿನಿಂದಲೇ ಕಿವುಡಾದ ಇಲಿಗಳನ್ನ ತಗೊಂಡಿತು. ಅವೂ ಅಲುಗಿದವು. ಕಿವಿ ಕೇಳೋ ಇಲಿಗಳಿಗೆ ಆ ಆನ್-ಆಫ್ ತಟ್ಟನ್ನ ನಯ ಮಾಡಿ, ಮೆಲ್ಲಗೆ ಏರಿಸಿ ಮೆಲ್ಲಗೆ ಇಳಿಸಿದರು. ಕಿವಿಯ ಪ್ರತಿಕ್ರಿಯೆ ಹೋಯಿತು, ಚಲನೆ ಉಳಿಯಿತು.

2020ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಮನುಷ್ಯರ ಮೇಲೆ ನೋಡಿದರು. ಹೌದು, ನಮಗೂ ಆ ಸದ್ದು ಕೇಳಿಸುತ್ತೆ. ಹಾಗಾದರೆ ಉಪಾಯ? ಇಯರ್‌ಫೋನ್! ನೀವೀಗ ನನ್ನ ಮಾತು ಕೇಳ್ತಿದ್ದೀರಲ್ಲ, ಹಾಗೇ ಅವರ ಕಿವಿಗೂ ಆ ಸದ್ದನ್ನ ಮುಚ್ಚುವಂಥ ಇನ್ನೊಂದು ಸದ್ದು ಹಾಕಿದರು. ಆಗ ಅಲ್ಟ್ರಾಸೌಂಡ್ ಯಾವಾಗ ಆನ್, ಯಾವಾಗ ಆಫ್ ಅಂತ ಅವರಿಗೆ ಗುರುತಿಸೋಕೆ ಆಗಲಿಲ್ಲ. ಸುಳ್ಳು ಚಿಕಿತ್ಸೆ ಯಾವುದು, ನಿಜ ಯಾವುದು ಅಂತ ರೋಗಿಗೆ ಗೊತ್ತಾಗಬಾರದು ಅನ್ನೋ ನಿಯಮ ಉಳಿಯೋದು ಹೀಗೆ.

2022ರಲ್ಲಿ ಕ್ಯಾಲ್‌ಟೆಕ್‌ನಿಂದ ಇನ್ನೊಂದು ಲೇಖನ ಬಂತು. ನೆನಪಿಡಿ, ಇದೂ ಶಪೀರೊ ತಂಡದ್ದೇ, 2018ರಲ್ಲಿ 'ಅದು ಕಿವಿ' ಅಂದವರದ್ದೇ. ಈ ಸಲ ತಟ್ಟೆಯಲ್ಲಿ ಬೆಳೆಸಿದ ನರಕೋಶಗಳು. ತಟ್ಟೆಗೆ ಕಿವಿ ಎಲ್ಲಿಂದ ಬರಬೇಕು? ಅಲ್ಲೂ ಅಲ್ಟ್ರಾಸೌಂಡ್ ಕೊಟ್ಟರೆ ಕೋಶಗಳು ಎದ್ದವು. ಹೇಗೆ ಅನ್ನೋದೂ ಸಿಕ್ಕಿತು. ಕೋಶದ ಗೋಡೆಯಲ್ಲಿ ಒತ್ತಡಕ್ಕೆ ತೆರೆಯೋ ಪುಟ್ಟ ಬಾಗಿಲುಗಳಿವೆ. ಅಲ್ಟ್ರಾಸೌಂಡ್ ತಟ್ಟಿದಾಗ ಅವು ತೆರೆದು ಕ್ಯಾಲ್ಸಿಯಂ ಒಳಗೆ ಬರುತ್ತೆ, ಅದು ಇನ್ನಷ್ಟು ಬಾಗಿಲು ತೆರೆಸುತ್ತೆ, ಕೋಶ ಸಿಡಿಯುತ್ತೆ. 1929ರಲ್ಲಿ ಹಾರ್ವೆಗೆ ಸಿಕ್ಕಿದ್ದ ಸುಳಿವಿಗೆ ಹತ್ತಿರ ಹತ್ತಿರ ನೂರು ವರ್ಷದ ಮೇಲೆ ಕೋಶದೊಳಗಿನ ಕಾರಣ ಸಿಕ್ಕಿತು.

ಹಾಗಾದರೆ ಇವತ್ತಿನ ಲೆಕ್ಕ ಏನು? ಮೆಲ್ಲಗಿನ ಅಲ್ಟ್ರಾಸೌಂಡ್ ನರಕೋಶವನ್ನ ನೇರವಾಗಿ ಮುಟ್ಟುತ್ತೆ ಅನ್ನೋದಕ್ಕೆ ಒಳ್ಳೆ ಸಾಕ್ಷಿ ಇದೆ. ಅದರ ಜೊತೆ ಕಿವಿಯೂ ಮಧ್ಯೆ ಬಾಯಿ ಹಾಕುತ್ತೆ ಅನ್ನೋದೂ ನಿಜ. ಎರಡನ್ನೂ ಬೇರೆ ಬೇರೆ ಮಾಡಿ ತೋರಿಸದ ಫಲಿತಾಂಶವನ್ನ ಈಗ ಆ ಕ್ಷೇತ್ರದವರೇ ಸುಲಭಕ್ಕೆ ಒಪ್ಪಲ್ಲ. ಖಿನ್ನತೆ, ನೋವು, ಪ್ರಜ್ಞೆ ತಪ್ಪಿದವರು, ಎಲ್ಲದರ ಮೇಲೂ ಅಧ್ಯಯನ ನಡೀತಿದೆ. ಆದರೆ ಮನೆಯಲ್ಲಿ ಕೂತು ಟೋಪಿ ಹಾಕಿಕೊಂಡು 15 ದಿನದಲ್ಲಿ ನಡುಕ ಮಾಯ ಅನ್ನೋ ಹಂತ ಇದಲ್ಲ.

ಇದನ್ನೆಲ್ಲ ಹೇಳೋಕೆ ನಾನು ಊರಿಗೆ ಹೋದೆ. ಫೋನಲ್ಲಿ ಹೇಳೋ ಮಾತಲ್ಲ ಅನ್ನಿಸಿತು. ಜಗಲಿಯಲ್ಲಿ ಕೂತು ಹೇಳ್ತಾ ಹೋದೆ. ದೊಡ್ಡಪ್ಪ ಮಧ್ಯೆ ಮಾತಾಡಲಿಲ್ಲ. ಇಲಿಯ ಕಿವಿಯ ಕಥೆ ಬಂದಾಗ ಮಾತ್ರ ನಕ್ಕರು. "ರಾಮಪ್ಪ ಭೀಮಪ್ಪ ಆಯ್ತು ಅನ್ನು" ಅಂದರು.

"ಹೌದು ದೊಡ್ಡಪ್ಪ. ಭುಜದ ಮಷಿನ್ನೂ ತಲೆಗೆ ಬೇಡ. ಅಲ್ಲಿ ಮೂಳೆ ಇದೆ, ಬಿಸಿ ಆಗುತ್ತೆ, ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಯಾರಿಗೂ ಗೊತ್ತಾಗಲ್ಲ."

"ಹೆಲ್ಮೆಟ್ಟಿನವರು ಸುಳ್ಳು ಚಿಕಿತ್ಸೆ ಕೊಟ್ಟು ನೋಡಿದ್ದಾರಾ?"

ನಾನು ಆ ಕಂಪನಿಯ ನಂಬರಿಗೆ ಫೋನ್ ಮಾಡಿ ಕೇಳಿದ್ದೆ. ಅಂಥ ಅಧ್ಯಯನದ ಹೆಸರು ಅವರಿಂದ ಬರಲಿಲ್ಲ, ಡಿಸ್ಕೌಂಟ್ ಬಂತು. ಅದನ್ನ ಹೇಳಿದೆ. ಎಫ್‌ಡಿ ಉಳಿಯಿತು.

ನರರೋಗ ತಜ್ಞರ ಹತ್ತಿರ ಕರ್ಕೊಂಡು ಹೋದೆ. ಅವರು ಕಾಗದದ ಮೇಲೆ ಸುರುಳಿ ಬರೆಯೋಕೆ ಹೇಳಿದರು, ನಡುಕ ಅಳೆಯೋ ಹಳೇ ವಿಧಾನ ಅದು. ಪ್ರೊಪ್ರನೊಲಾಲ್ ಮಾತ್ರೆಯಿಂದ ಶುರು ಮಾಡಿದರು. ಈ ಕಾಯಿಲೆಗೆ ಬಹಳ ವರ್ಷದಿಂದ ಮೊದಲು ಕೊಡೋ ಮಾತ್ರೆ. ಸುಡುವ ಚಿಕಿತ್ಸೆಯ ಬಗ್ಗೆಯೂ ಕೇಳಿದೆವು. ಮಾತ್ರೆಗೆ ಬಗ್ಗದಿದ್ದರೆ ಆಗ ಮಾತಾಡೋಣ, ನಡಿಗೆಯ ಅಪಾಯವನ್ನೂ ತೂಗಿ ನೋಡೋಣ ಅಂದರು. ಈಗ ನಡುಕ ಸ್ವಲ್ಪ ಕಡಿಮೆ. ಲೋಟ ಅರ್ಧ ತುಂಬಿಸಿದರೆ ಚೆಲ್ಲಲ್ಲ. ಪೂರ್ತಿ ತುಂಬಿಸಿದರೆ ಇನ್ನೂ ಚೆಲ್ಲುತ್ತೆ.

ಬ್ಯಾಂಕಿಗೂ ಹೋದೆವು. ಹೊಸ ಸಹಿಯ ಮಾದರಿ ಕೊಡೋಕೆ. ಕಾರ್ಡಿನ ಮೇಲೆ ದೊಡ್ಡಪ್ಪ ನಿಧಾನಕ್ಕೆ ಬರೆದರು. ಅಕ್ಷರ ಅಲೆ ಅಲೆಯಾಗಿ ಬಂತು. ನೋಡಿ, ಪೆನ್ನಿನ ಮುಚ್ಚಳ ಹಾಕಿ, "ಇನ್ಮೇಲೆ ಇದೇ ನನ್ನ ಸಹಿ. ಇದಕ್ಕಾದರೂ ತಾಳೆ ಆಗಲಿ" ಅಂದರು.

ಈ ವಾರಕ್ಕೆ ಇಷ್ಟೇ. ನಿಮ್ಮ ಮನೆಯ ಗ್ರೂಪಿಗೂ ಇಂಥ ಫಾರ್ವರ್ಡ್ ಬಂದಿದ್ದರೆ, ಕಳಿಸಿದ ಹಿರಿಯರನ್ನ ಗದರಬೇಡಿ. ಅವರ ಕೈಯೋ ಕಾಲೋ ಏನೋ ಹೇಳ್ತಿರುತ್ತೆ, ಮೊದಲು ಅದನ್ನ ಕೇಳಿ. ಆಮೇಲೆ ಜೊತೆಗೆ ಕೂತು ದೊಡ್ಡಪ್ಪ ಕೇಳಿದ ಪ್ರಶ್ನೆಯನ್ನೇ ಕೇಳಿ: ಸುಳ್ಳು ಚಿಕಿತ್ಸೆ ಕೊಟ್ಟು ಹೋಲಿಸಿ ನೋಡಿದ್ದಾರಾ? ಮುಂದಿನ ವಾರ ಸಿಗೋಣ. ನಮಸ್ಕಾರ.